ಪಾರೆಯ ಮೇಲಿನ ಪಾತಿ

ಮಾರ್ಚ್ ೩, ೧೯೯೬, ಭಾನುವಾರ. ಬೆಳಿಗ್ಗೆ

ಹಿತ್ತಲ ಪಾರೆಯ ಬರಿ ಬಂಡೆಯ ಮೇಲೆ ಮೂರನೇ ಪದರ ಮುಗಿಯಿತು. ಎಲ್ಲಕ್ಕೂ ಅಡಿಯಲ್ಲಿ ಅಂಗಡಿಯ ರಟ್ಟು, ನೆನೆಸಿ ಹಾಸಿದ್ದು. ಅದರ ಮೇಲೆ ಸಗಣಿ. ಅದರ ಮೇಲೆ ಕಬ್ಬಿನ ತರಗು — ಕರಿಯಪ್ಪನ ಗದ್ದೆಯಿಂದ ಆರು ಹೊರೆ. ಬೆಂಕಿ ಇಡುವವನಿದ್ದ, ಕೇಳಿದೆ, ಕೊಟ್ಟ. ಕೈಯೆಲ್ಲ ಗೀರು.

ತಮ್ಮ ನಿಂಗರಾಜು ಬ್ರಷ್ ಬಾಯಲ್ಲಿಟ್ಟುಕೊಂಡೇ ನೋಡುತ್ತಿದ್ದ.

"ಪಾರೆ ಮ್ಯಾಲೆ ಕಸ ಒಟ್ಟಿ ಏನ್ ಬೆಳ್ದೀಯಕ್ಕ? ಊರೋರು ನಗ್ತಾವ್ರೆ."

"ತಿಪ್ಪೆ ಮ್ಯಾಲೆ ಕುಂಬಳ ಬೆಳೆಯಲ್ವೇನ್ಲಾ? ಅದ್ಕೆ ಯಾರು ನೇಗ್ಲು ಹೂಡಿದ್ರು?"

ಉಗಿದು ಒಳಗೆ ಹೋದ.

ಮಾರ್ಚ್ ೮

ಅಂಗನವಾಡಿ ಮಕ್ಕಳನ್ನು ಮನೆಗೆ ಕಳಿಸಿ ಹೊಂಗೆ ಸೊಪ್ಪು ತಂದೆ. ನಾಲ್ಕನೇ ಪದರ.

ನಿಂಗರಾಜು ವಿಷಯಕ್ಕೆ ಬಂದ. ಕ್ವಾರಿಯ ಧರ್ಮೇಂದ್ರನಿಗೆ ಲಾರಿ ನಿಲ್ಲಿಸಲು ಜಾಗ ಬೇಕಂತೆ. "ಸುಮ್ನೆ ಬಿದ್ದಿರೋ ಜಾಗ, ಬುಟ್ಬುಡಕ್ಕ."

ನಾಗಮಂಗಲದ ಗಂಡನ ಮನೆ ಬಿಟ್ಟು ಒಂದು ಟ್ರಂಕು ಹಿಡಿದು ಬಂದ ದಿನ, ದೊಡ್ಡಪ್ಪ ಚೌಡಯ್ಯನವರ ಮುಂದೆ ಇವನೇ ಅಂದಿದ್ದು — ಹಿತ್ತಲ ಪಾರೆ ಅಕ್ಕನಿಗಿರಲಿ ಅಂತ. ಹುಲ್ಲೂ ಹುಟ್ಟದ ಜಾಗ ಅಂತಲೇ ಕೊಟ್ಟ. ಆರು ವರ್ಷ ಆಯಿತು.

ಬಿಡಲ್ಲ ಅಂದೆ.

ಮಾರ್ಚ್ ೨೭, ಸಂಜೆ

ಲಾರಿ ಹರಿಸಿದ್ದಾರೆ. ನಾನು ಅಂಗನವಾಡಿಯಲ್ಲಿದ್ದಾಗ. ಪಾತಿಯ ನಡುವೆ ಚಕ್ರದ ಜಾಡು, ಅಡಿಯ ರಟ್ಟೆಲ್ಲ ಹೊರಗೆ. ಮೂಲೆಯಲ್ಲಿ ಒಂದು ಲೋಡು ಜಲ್ಲಿ.

ಬಚ್ಚಲುಮನೆಯಲ್ಲಿ ನಿಂತು ಅತ್ತುಬಿಟ್ಟೆ. ಸುಳ್ಳೇಕೆ, ಇದನ್ನು ಯಾರು ಓದುತ್ತಾರೆ... ಮುಖ ತೊಳೆದು ಹೊರಗೆ ಬಂದು ನಿಂಗರಾಜುಗೆ ಹೇಳಿದೆ: "ಇನ್ನೊಂದ್ಸಲ ಒಟ್ತೀನಿ. ನಾಳೆ ಲಾರಿ ಬಂದ್ರೆ ಪಾತಿ ಮ್ಯಾಲೆ ನಾನೇ ಕುಂತಿರ್ತೀನಿ. ಹರಿಸ್ಲಿ."

ಮಾರ್ಚ್ ೨೮

ರಜೆ ಹಾಕಿ ಕುಳಿತೆ. ಎಂಟಕ್ಕೆ ಲಾರಿ ಬಂತು. ಹಾರ್ನ್ ಮೇಲೆ ಹಾರ್ನ್. ಏಳಲಿಲ್ಲ. ಸೆರಗು ಹೊದ್ದುಕೊಂಡೆ. ಡ್ರೈವರ್ ಇಳಿದು ನೋಡಿದ, ಬೀಡಿ ಹಚ್ಚಿದ. "ಇದು ನಿಮ್ಮನೆ ಜಗ್ಳ, ನಂಗ್ಯಾಕೆ" ಅಂದು ಲಾರಿ ತಿರುಗಿಸಿಕೊಂಡು ಹೋದ.

ನಿಂಗರಾಜು ಅಂಗಳದಿಂದಲೇ ಕೂಗಿದ — ಇನ್ಮೇಲೆ ನಮ್ಮ ಕೊಟ್ಟಿಗೆಯ ಸಗಣಿ ಮುಟ್ಟಬೇಡ ಅಂತ.

ಅಷ್ಟರಲ್ಲಿ ಅವನ ಹೆಂಡತಿ ಸಾಕಮ್ಮ ಸಗಣಿ ಬುಟ್ಟಿ ಹೊತ್ತು ಕೊಟ್ಟಿಗೆಯಿಂದ ಬಂದಳು. ಅವಳು ಗಂಡನಿಗೆ ಎದುರು ಮಾತಾಡಿದ್ದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಹಸ ನನ್ನ ತವರಿಂದು. ಸಗಣಿ ಯಾರ್‍ಗೆ ಆಕ್ಬೇಕು ಅಂತ ನಂಗೊತ್ತು."

ನನ್ನ ಕಾಲ ಬಳಿ ಬುಟ್ಟಿ ಬೋರಲು ಹಾಕಿದಳು.

ಜೂನ್ ೯, ಭಾನುವಾರ

ಎರಡು ತಿಂಗಳ ಮೇಲಾಯಿತು ಬರೆದು. ಬುಟ್ಟಿ ಹೊತ್ತ ಕೈಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಸಗಣಿ, ಕೆರೆಯ ಗೋಡುಮಣ್ಣು, ಬೂದಿ, ಮತ್ತೆ ತರಗು... ಸೊಂಟದೆತ್ತರ ಒಟ್ಟಿದ್ದು ಮಳೆಗೆ ಕೊಳೆತು ಮೊಣಕಾಲಿಗೆ ಇಳಿದಿದೆ. ಅಲಸಂದೆ ಮೊಳೆತಿದೆ.

ಇವತ್ತು ನಿಂಗರಾಜು ದೊಡ್ಡಪ್ಪನನ್ನು ಕರೆತಂದ, ನ್ಯಾಯಕ್ಕೆ. ದೊಡ್ಡಪ್ಪ ಊರುಗೋಲು ಚುಚ್ಚಿದರು. ಗೇಣಿಗಿಂತ ಹೆಚ್ಚೇ ಇಳಿಯಿತು. ಒಂದು ಹಿಡಿ ತೆಗೆದು ಮೂಸಿದರು.

"ಮಣ್ಣೇ ಕಣ್ಲಾ."

ನಿಂಗರಾಜು ಅಷ್ಟಕ್ಕೇ ಕಾದಿದ್ದ. "ನಾನ್ ಕೊಟ್ಟಿದ್ದು ಪಾರೆ, ದೊಡ್ಡಪ್ಪ. ಮಣ್ಣಾದ್ಮೇಲೆ ಅದು ಹೊಲ. ಹೊಲ ಕೊಡ್ತೀನಿ ಅಂದಿರ್ಲಿಲ್ಲ."

"ನಿನ್ ಪಾರೆ ಅಡೀಲೇ ಅದೆ," ಅಂದೆ. "ಬೇಕಾದ್ರೆ ಎಳ್ಕೊಂಡೋಗು. ಮಣ್ಣು ನಾನ್ ಮಾಡಿದ್ದು, ಮುಟ್ಬ್ಯಾಡ."

ದೊಡ್ಡಪ್ಪ ನಕ್ಕುಬಿಟ್ಟರು. ಆಮೇಲೆ ಗಂಭೀರವಾದರು. "ನೀನ್ ಮಾತು ಕೊಟ್ಟಾಗ ನಾನಿದ್ದೆ ಕಣ್ಲಾ ನಿಂಗ. ನಿಮ್ಮಕ್ಕ ದೇವೀರಮ್ಮನ ಜಾಗದ ತಂಟೆಗೆ ಓಗ್ಬ್ಯಾಡ."

ಜೂನ್ ೧೨, ಬೆಳಿಗ್ಗೆ ೬.೩೦

ನಿಂಗರಾಜು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಬೇಲಿಯವರೆಗೆ ಇನ್ನೂ ಹನ್ನೆರಡು ಅಡಿ ಬರಿ ಪಾರೆ ಇದೆ. ಇವತ್ತು ಅಲ್ಲಿಗೂ ಶುರು. ಸಾಕಮ್ಮ ಕೊಟ್ಟಿಗೆಯಿಂದ ಕರೆಯುತ್ತಿದ್ದಾಳೆ, ಬುಟ್ಟಿ ಎತ್ತಿಸಬೇಕಂತೆ. ಗಂಡ ಜಗುಲಿಯ ಮೇಲೇ ಕೂತಿದ್ದಾನೆ, ಆದರೂ ಜೋರಾಗೇ ಕೂಗುತ್ತಾಳೆ. ಬಂದೆ ಅಂತ ನಾನೂ ಅಷ್ಟೇ ಜೋರಾಗಿ —