ಹಿತ್ತಿಲ ಬಾಗಿಲು ಮುಚ್ಚಿಸುವ ಮೊದಲು

ಅರಸೀಕೆರೆ
ಜ್ಯೇಷ್ಠ ಬಹುಳ ದಶಮಿ, ಕ್ರಿ.ಶ. 2191

ಸರ್ವಮಂಗಳಜ್ಜಿ, ನಾನು ನಿಮ್ಮ ಮನೆಗೆ ಸೊಸೆಯಾಗಿ ಬಂದುಬಿಟ್ಟೆ! ಇದನ್ನು ಮೊದಲು ಹೇಳದೆ ಬೇರೇನೂ ಬರೆಯಲು ಕೈ ಓಡಲಿಲ್ಲ. ನಿಮ್ಮ ವಂಶದ ಆರನೇ ತಲೆಮಾರಿನ ಚಿರಂತ್‌ನನ್ನು ವೈಶಾಖದಲ್ಲಿ ಮದುವೆಯಾದೆ. ನನ್ನ ಹೆಸರು ಮಿಹಿಕಾ. ನಿಮಗೀಗ ನಲವತ್ತೂ ತುಂಬಿಲ್ಲವೆಂದು ಗೊತ್ತು, ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ಮೇಲಿನ ತಾರೀಖು ನೋಡಿ, ಯಾರೋ ಕೆಲಸವಿಲ್ಲದವರು ತಮಾಷೆ ಮಾಡಿದ್ದಾರೆಂದು ಕಾಗದ ಎಸೆಯಬೇಡಿ. ನಮ್ಮಲ್ಲಿ ಹಿಂಚೆ ಎಂಬುದೊಂದಿದೆ, ಕಳೆದ ಕಾಲಕ್ಕೆ ಹೋಗುವ ಅಂಚೆ. ನನ್ನ ಮಾತುಗಳು ವಿಚಿತ್ರವಾಗಿ ಕಂಡರೆ ಅದಕ್ಕೂ ಕ್ಷಮೆ ಇರಲಿ. ಕೆಲವು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟದ ಪದಗಳು. ಉಳಿದ ತಪ್ಪೆಲ್ಲ ನನ್ನದೇ, ಏಕೆಂದರೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಹೌದು ಅಜ್ಜಿ, ಅದು ಇನ್ನೂ ಇದೆ!

ಈ ಕಾಗದವನ್ನು ನಿಮ್ಮ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅದೇ ಮನೆ, ಅದೇ ಕೋಣೆ. ನಿಶ್ಚಿತಾರ್ಥದ ದಿನ ನನ್ನ ಅತ್ತೆ ಪ್ರಣೀತಾ ನನ್ನನ್ನು ಇಲ್ಲಿಗೆ ಕರೆತಂದು, "ಇದನ್ನ ಒಡೆಸಿ ಹೊಸದಾಗಿ ಮಾಡಿಸೋಣ ಕಣಮ್ಮ, ನಿನಗೆ ಏನೇನು ಬೇಕೋ ಬಾಯಿಬಿಟ್ಟು ಹೇಳು" ಎಂದಿದ್ದರು. ನಾನು ಕುಣಿದಾಡಿಬಿಟ್ಟೆ! ಮದುವೆ ಸೀರೆಗಿಂತ ಹೆಚ್ಚು ಹೊತ್ತು ನಾವಿಬ್ಬರೂ ಮಾತಾಡಿದ್ದು ಸಿಂಕ್ ಎಲ್ಲಿರಬೇಕು, ಸಾಂಬಾರ ಪುಡಿ ಡಬ್ಬಿಗಳಿಗೆ ಗೂಡು ಎಷ್ಟು ಆಳವಿರಬೇಕು ಎಂಬುದರ ಬಗ್ಗೆ. ಜಗಳವಾದದ್ದು ಕಟ್ಟೆಯ ಎತ್ತರಕ್ಕೆ ಮಾತ್ರ. ನಾನು ಉದ್ದ, ಅತ್ತೆ ಗಿಡ್ಡ. "ನಿನ್ನ ಎತ್ತರಕ್ಕೆ ಮಾಡಿಸಿದ್ರೆ ನಾನು ಮಣೆ ಹತ್ತಿ ಒಗ್ಗರಣೆ ಹಾಕ್ಬೇಕಾಗುತ್ತೆ" ಎಂದು ಅವರು. "ನಿಮ್ಮ ಎತ್ತರಕ್ಕೆ ಮಾಡಿಸಿದ್ರೆ ನಾನು ಈಗಲೇ ಗೂನಿ ಆಗ್ತೀನಿ ಅತ್ತೆ" ಎಂದು ನಾನು. ಕೊನೆಗೆ ಬೆಳೆಗೋಡೆ ಹಾಕಿಸುವುದೆಂದು ಇಬ್ಬರೂ ಒಪ್ಪಿದೆವು.

ಬೆಳೆಗೋಡೆ ಎಂದರೆ ಇಟ್ಟಿಗೆ ಜೋಡಿಸಿ ಕಟ್ಟುವ ಗೋಡೆಯಲ್ಲ. ಹಳೆಯ ಗೋಡೆಯ ಗಾರೆ ಕೆರೆದು, ತೆಂಗಿನ ನಾರು ಮತ್ತು ಸುಣ್ಣದ ಒಂದು ಹದವಾದ ಮಿಶ್ರಣವನ್ನು ಮೆತ್ತುತ್ತಾರೆ. ಅದು ತಾನಾಗಿ ಬೆಳೆದು ಕಟ್ಟೆಯಾಗುತ್ತದೆ, ಗೂಡಾಗುತ್ತದೆ, ಒಲೆಯಾಗುತ್ತದೆ. ಬೆಳೆಯುವಾಗ ಕೋಣೆಯಲ್ಲಿರುವವರ ಉಸಿರನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಆ ಉಸಿರಿನವರು ಬಂದರೆ ಮಾತ್ರ ಒಲೆ ಹೊತ್ತುತ್ತದೆ, ಅವರವರ ಎತ್ತರಕ್ಕೆ ಕಟ್ಟೆ ಏರಿ ಇಳಿಯುತ್ತದೆ. ಉಳಿದವರೆಲ್ಲ ಆ ಅಡುಗೆಮನೆಗೆ ಅತಿಥಿಗಳು. ಆದ್ದರಿಂದ ಗೋಡೆ ಬಲಿಯುವವರೆಗೆ ಅಡುಗೆ ಮಾಡುವವರು ಒಳಗೇ ವಾಸವಿರಬೇಕು. ನಡುವೆ ಬಿಟ್ಟುಹೋದವರನ್ನು ಅದು ಮರೆತುಬಿಡುತ್ತದೆ, ಮತ್ತೆ ಕಲಿಯುವುದಿಲ್ಲ. ಚಿರಂತ್‌ಗೆ ರಜೆ ಸಿಗಲಿಲ್ಲ. ಅತ್ತೆ ಮತ್ತು ನಾನು ದಿಂಬು, ಚಾದರ ಹಿಡಿದು ನಗುನಗುತ್ತಾ ಒಳಗೆ ಬಂದೆವು. ಪ್ರವಾಸ ಹೊರಟವರ ಹಾಗಿದ್ದೆವು ಅಜ್ಜಿ!

ಈಗ ನಗು ಬರುತ್ತಿಲ್ಲ. ಒಡೆದ ಕೋಣೆಯ ದೂಳು ಮನೆಯೊಳಗೆ ಹರಡಬಾರದೆಂಬುದು ನಮ್ಮ ಕಾಲದ ಕಟ್ಟುನಿಟ್ಟು. ಹಾಗಾಗಿ ನಡುಮನೆಗೆ ತೆರೆಯುವ ಬಾಗಿಲಿಗೆ ದೂಳುಪೊರೆ ಹೊದಿಸಿದ್ದಾರೆ. ಹಾಲಿನ ಕೆನೆಯಂಥದ್ದು. ಕೈಯಲ್ಲೇ ಹರಿಯಬಹುದು, ಆದರೆ ಹರಿದು ಹೊರಗೆ ಹೋದವರು ಕೆಲಸ ಮುಗಿಯುವವರೆಗೆ ಮತ್ತೆ ಒಳಗೆ ಬರುವಂತಿಲ್ಲ. ಅದರಾಚೆ ಚಿರಂತ್ ನೆರಳಿನಂತೆ ಕಾಣುತ್ತಾನೆ. ಊಟವನ್ನು ಪೊರೆಯ ಸಣ್ಣ ಕಿಂಡಿಯಲ್ಲಿ ಒಳಗೆ ತಳ್ಳುತ್ತಾನೆ. ಜೊತೆಗೆ ಅವನ ಬೆರಳೂ ಒಂದಿಷ್ಟು ಬರುತ್ತದೆ, ಅದನ್ನು ಹಿಡಿದುಕೊಂಡು ನಿಲ್ಲುತ್ತೇನೆ. "ಅನ್ನ ಆರೋಗುತ್ತೆ, ಬಿಡೇ ಅವನ ಕೈನ" ಎಂದು ಅತ್ತೆ ಹಿಂದಿನಿಂದ ರೇಗಿಸುತ್ತಾರೆ. ಗೋಡೆಗಳು ದಿನವಿಡೀ ಬೆವರುತ್ತವೆ. ಹಸಿ ಸುಣ್ಣದ ವಾಸನೆ ಕೂದಲಿಗೆ, ಹಾಸಿಗೆಗೆ, ಬಾಯೊಳಗಿನ ತುತ್ತಿಗೂ ಹತ್ತಿದೆ. ಕಟ್ಟೆ ಬೆಳೆದಷ್ಟೂ ನೆಲ ಕಿರಿದಾಗುತ್ತಿದೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಬೇಕು. ಆಕಾಶ ನೋಡಿ ಎಷ್ಟು ಕಾಲವಾಯಿತೋ. ಮೊನ್ನೆ ಮಳೆ ಬಂತೆಂದು ಚಿರಂತ್ ಹೇಳಿದಾಗ ನನಗೆ ಇದ್ದಕ್ಕಿದ್ದಂತೆ ಅಳು ಬಂತು. ಅತ್ತೆ ನನ್ನ ತಲೆ ಬಾಚಿ ಜಡೆ ಹಾಕಿದರು.

ಹಿತ್ತಿಲಿಗೆ ಬಾಗಿಲಿರುವ ಅಡುಗೆಮನೆಗಳಲ್ಲಿ ಈ ಪಾಡಿಲ್ಲ. ಹಿತ್ತಿಲ ಕಡೆ ಪೊರೆ ಬೇಡ. ತೆರೆದ ಬಾಗಿಲ ಹತ್ತಿರ ಹೊರಗೆ ಕೂತಿದ್ದರೂ ಗೋಡೆಗೆ ಉಸಿರು ಸಾಕಾಗುತ್ತದೆ. ನಮ್ಮಲ್ಲೂ ಅಂಥ ಬಾಗಿಲು ಇತ್ತು ಅಜ್ಜಿ! ಗಾರೆ ಕೆರೆದಾಗ ಅದರ ಚೌಕಟ್ಟು ಕಾಣಿಸಿತು. ನಡುವೆ ಬೇರೆ ಬಣ್ಣದ ಇಟ್ಟಿಗೆ ತುಂಬಿದೆ, ಕೆಳಗೆ ಹೊಸಿಲ ಕಲ್ಲು ಹಾಗೇ ಇದೆ. ಅತ್ತೆ ಅದನ್ನು ಸವರುತ್ತಾ, "ಸರ್ವಮಂಗಳಜ್ಜಿ ದೊಡ್ಡ ಫ್ರಿಜ್ ಇಡೋಕೆ ಜಾಗ ಬೇಕು ಅಂತ ಮುಚ್ಚಿಸಿದ್ರಂತೆ" ಎಂದರು. ನಾವು ಅದನ್ನು ತೆರೆಸುವಂತಿಲ್ಲ. ನೂರು ವರ್ಷ ದಾಟಿದ ಹೊರಗೋಡೆಯನ್ನು ನಮ್ಮ ಕಾಲದಲ್ಲಿ ಒಡೆಯುವಂತಿಲ್ಲ, ಮುಚ್ಚಿ ನೂರು ವರ್ಷವಾದ ಬಾಗಿಲೂ ಗೋಡೆಯ ಲೆಕ್ಕವೇ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಈ ಸಲ ತೇವ ಹೆಚ್ಚಾಗಿ ಗೋಡೆ ನಿಧಾನವಾಗಿದೆ. ಶ್ರಾವಣಕ್ಕೆ ಮೊದಲು ಬಲಿಯುವುದಿಲ್ಲವಂತೆ. ಅಮಾವಾಸ್ಯೆ ಕಳೆದರೆ ಆಷಾಢ! ಹೊಸ ಸೊಸೆ, ಅತ್ತೆ ಆಷಾಢದಲ್ಲಿ ಒಂದೇ ಸೂರಿನಡಿ ಇರಬಾರದು, ಒಂದೇ ಹೊಸಿಲು ತುಳಿಯಬಾರದು ಎಂಬುದು ನಿಮಗೆ ಗೊತ್ತಿರುವುದೇ. ನಾವು ಅದನ್ನು ಇನ್ನೂ ಬಿಟ್ಟಿಲ್ಲ. ನಾನು ತಮಾಷೆ ಮಾಡಿ ನೋಡಿದೆ. "ಹೊಸಿಲು ದಾಟೋಕೇ ಆಗ್ತಿಲ್ವಲ್ಲ ಅತ್ತೆ, ಇನ್ನು ತುಳಿಯೋದೆಲ್ಲಿ?" ಎಂದೆ. ಅವರು ನಗಲಿಲ್ಲ. "ನನ್ನ ಮಗನ ಸಂಸಾರ ಕಣಮ್ಮ ಇದು. ನಿಜವೋ ಸುಳ್ಳೋ, ಪರೀಕ್ಷೆ ಮಾಡೋಕೆ ನನಗೆ ಧೈರ್ಯ ಇಲ್ಲ" ಎಂದರು. ಆಮೇಲೆ, "ಅಮಾವಾಸ್ಯೆ ದಿನ ನಾನೇ ಹೊರಗೆ ಹೋಗ್ತೀನಿ. ನಾನು ಬೇಕಾದಷ್ಟು ಅಡುಗೆ ಮಾಡಿದ್ದಾಯ್ತು. ನೀನು ಬದುಕಿ ಬಾಳಬೇಕಾದವಳು, ಗೋಡೆ ನಿನ್ನನ್ನ ಕಲೀಲಿ" ಎಂದರು.

ಅಂದರೆ ಅವರು ತಮ್ಮದೇ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ ಕಾಸಿಕೊಳ್ಳಲೂ ನನ್ನನ್ನು ಕರೆಯಬೇಕು. ಇಡೀ ಬೀದಿಗೆ ಬಸ್ಸಾರಿನ ರುಚಿ ಹತ್ತಿಸಿದವರು ಅವರು ಅಜ್ಜಿ. ಬಾಗಿಲಿದ್ದಿದ್ದರೆ ಹಿತ್ತಿಲಲ್ಲಿ ಚಪ್ಪರ ಹಾಕಿಸಿಕೊಂಡು ಆಷಾಢ ಕಳೆದುಬಿಡುತ್ತಿದ್ದರು. ನಾನು ಒಳಗೆ, ಅವರು ಹೊರಗೆ. ಶಾಸ್ತ್ರವೂ ಉಳಿಯುತ್ತಿತ್ತು, ಒಲೆಯೂ ಇಬ್ಬರದಾಗುತ್ತಿತ್ತು.

ನಿಮ್ಮನ್ನು ದೂರುತ್ತಿಲ್ಲ. ಇಕ್ಕಟ್ಟಿನ ಅಡುಗೆಮನೆಯಲ್ಲಿ ಒಂದು ಗೋಡೆ ಖಾಲಿ ಸಿಕ್ಕಿದರೆ ಎಷ್ಟು ಖುಷಿಯೆಂದು ಈಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಬೇಡುವುದಿಷ್ಟೇ. ಫ್ರಿಜ್ಜನ್ನು ನಡುಮನೆಯಲ್ಲಿಡಿ, ಚಿಕ್ಕದು ಕೊಳ್ಳಿ, ಹೇಗಾದರೂ ಮಾಡಿ, ಆ ಬಾಗಿಲನ್ನು ಮಾತ್ರ ಉಳಿಸಿ. ಕಾಲ ಅಡ್ಡಾದಿಡ್ಡಿಯಾದೀತೆಂಬ ಹೆದರಿಕೆ ಬೇಡ. ಹಿಂದಿನವರ ಮದುವೆ ಮಕ್ಕಳ ವಿಷಯಕ್ಕೆ ಕೈ ಹಾಕಬಾರದು, ಕಲ್ಲು ಮಣ್ಣಿನ ಮಾತು ಆಡಬಹುದು ಎಂಬುದೇ ಹಿಂಚೆಯವರ ನಿಯಮ. ನೀವು ತುಂಬಿಸಿದ ಇಟ್ಟಿಗೆಯ ವಯಸ್ಸು ನೋಡಿ, ಮೇಸ್ತ್ರಿ ಬರುವ ವಾರ ಯಾವುದೆಂದು ಅವರೇ ಗೊತ್ತುಮಾಡಿ ಈ ಕಾಗದ ತಲುಪಿಸುತ್ತಿದ್ದಾರೆ.

ಆದರೆ ಹಿಂಚೆಯ ಕಾಗದಗಳನ್ನು ನಂಬುವವರು ಕಡಿಮೆಯಂತೆ. ಅದಕ್ಕೇ ಒಂದು ನಿರ್ಧಾರ ಮಾಡಿದ್ದೇನೆ. ಆಷಾಢಕ್ಕೆ ತವರಿಗೆ ಹೊರಡುವ ಹೊಸ ಸೊಸೆಯರಿಗೆ ನಮ್ಮಲ್ಲಿ ಒಂದು ಸವಲತ್ತಿದೆ. ಬೇಕೆಂದರೆ ತವರಿನ ಬದಲು ಗಂಡನ ಮನೆಯ ಹಿರಿಯರೊಬ್ಬರನ್ನು ಅವರ ಕಾಲಕ್ಕೇ ಹೋಗಿ ಕಂಡುಬರಬಹುದು. ನಾಳೆ ಮಧ್ಯಾಹ್ನ ಅತ್ತೆ ನಿದ್ದೆಹೋದಾಗ, ಪೊರೆಯನ್ನು ನಾನೇ ಹರಿದು ಹೊರಡುತ್ತೇನೆ. ಅವರು ಏಳುವ ಹೊತ್ತಿಗೆ ಗೋಡೆ ಅವರದ್ದಾಗಿರುತ್ತದೆ. ನೀವು ಒಪ್ಪದಿದ್ದರೆ ಆ ಒಲೆಗೆ ನಾನು ಜೀವನಪೂರ್ತಿ ಅತಿಥಿ, ಅದಕ್ಕೂ ಸಿದ್ಧಳಿದ್ದೇನೆ. ಒಪ್ಪಿದರೆ ಗೋಡೆ ನನ್ನನ್ನು ಮರೆಯುವ ಪ್ರಮೇಯವೇ ಬರುವುದಿಲ್ಲ, ನಾನು ಹಿಂತಿರುಗುವಾಗ ಅಲ್ಲೊಂದು ಬಾಗಿಲಿರುತ್ತದೆ, ಅತ್ತೆ ಚಪ್ಪರದಡಿ ಕೂತು ನನ್ನನ್ನು ಬಯ್ಯುತ್ತಿರುತ್ತಾರೆ.

ಮೇಸ್ತ್ರಿಗೆ ಎರಡು ದಿನ ತಡೆಯಲು ಹೇಳಿ ಅಜ್ಜಿ. ನನ್ನ ಗುರುತು ಸುಲಭ: ಕೈಯಲ್ಲಿ ಮದುವೆಯ ಹಸಿರು ಬಳೆ, ಕೂದಲ ತುಂಬ ಸುಣ್ಣದ ದೂಳು. ನಿಮ್ಮ ಕಾಲಕ್ಕೆ ಬರುವವರನ್ನು ಇಳಿಸುವುದು ಮೈಸೂರಿನಲ್ಲಂತೆ. ನಿಮ್ಮ ಈ ಶುಕ್ರವಾರ, ಅಲ್ಲಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿಯುತ್ತೇನೆ.