ಅಮ್ಮನ ಎರಡು ಮೈಲಿ

ಹಾರ್ಲಿನ್ ಫೋರ್ಕ್, ವೆಸ್ಟ್ ವರ್ಜೀನಿಯಾ
ಬುಧವಾರ, ಜುಲೈ ೩೦, ೨೦೦೮

ಮಗನೇ ಲೈಲ್,

ಕೊಟ್ಟ ಮಾತೇನು, ಆದದ್ದೇನು ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಯೂನಿಯನ್ನಿನಲ್ಲಿ ಪಳಗಿದ ಕೈ ಇದು, ಬೇರೆ ಥರ ಶುರುಮಾಡಲು ಬರುವುದಿಲ್ಲ.

ಐದು ವರ್ಷ ತಾಳಿ, ಹಳಬರನ್ನೆಲ್ಲ ಕಳಿಸಿಬಿಟ್ಟಿದ್ದೇವೆ, ನಿಮ್ಮ ಊರಿನಲ್ಲಿ ಎಳೆಯ ಪಿಚರ್‌ಗಳನ್ನು, ಚೆಂಡು ಎಸೆಯುವ ಹುಡುಗರನ್ನು, ಬೆಳೆಸಿ ತಂಡವನ್ನು ಹೊಸದಾಗಿ ಕಟ್ಟುತ್ತೇವೆ ಎಂದು ದೊಡ್ಡ ಬೇಸ್‌ಬಾಲ್ ಕ್ಲಬ್ಬಿನವರು ೧೯೯೩ರಲ್ಲಿ ಹೇಳಿದರು. ಹದಿನೈದು ವರ್ಷವಾಯಿತು, ಇನ್ನೂ ಕಟ್ಟುತ್ತಲೇ ಇದ್ದಾರೆ. ಪ್ರತಿ ಆಟಕ್ಕೂ ಡಾಕ್ಟರ್ ಇರುತ್ತಾರೆ ಎಂದರು. ಹದಿನೈದು ದಿನಕ್ಕೊಮ್ಮೆ ಒಬ್ಬ ಬರುತ್ತಾನೆ, ಕೈ ನೋವೆಂದವನ ಮೊಣಕಾಲು ಮುಟ್ಟಿ ನೋಡಿ ಹೋಗುತ್ತಾನೆ. ನೋವು ಹೇಳಿಕೊಂಡವನನ್ನು ಮನೆಗೆ ಅಟ್ಟುವುದಿಲ್ಲ ಎಂದರು. ಈ ಬೇಸಿಗೆಯಲ್ಲೇ ಮೂವರನ್ನು ಅಟ್ಟಿದರು, ಅದರಲ್ಲಿ ನನ್ನ ಮನೆಯಲ್ಲಿ ಉಳಿದುಕೊಂಡಿದ್ದ ಇಬ್ಬರು ನನ್ನ ಬಾಗಿಲಿನಿಂದಲೇ ಚೀಲ ಹೊತ್ತು ಹೋದರು. ಇನ್ನು ನಿನ್ನ ಮಾತು. ಪಿಚಿಂಗ್ ಕೋಚ್ ಆಗಿ ವಾಪಸ್ ಬರುತ್ತಿದ್ದೇನೆ, ಬಂದ ದಿನ ನಿಮ್ಮ ಮನೆಯಲ್ಲೇ ಊಟ ಎಂದು ಏಪ್ರಿಲ್‌ನಲ್ಲಿ ಫೋನ್ ಮಾಡಿ ಹೇಳಿದೆ. ಜೂನ್ ಹದಿನಾರಕ್ಕೆ ನೀನು ಊರಿಗೆ ಬಂದೆ. ಅಂದು ನಾನು ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು, ವರಾಂಡದ ದೀಪ ಹಾಕಿ ಕೂತಿದ್ದೆ, ನೀನು ಬರಲಿಲ್ಲ. ಇವತ್ತು ಜುಲೈ ಮೂವತ್ತು. ದಿನಾ ಮೈದಾನದಲ್ಲಿ ನನ್ನ ಸೀಟಿನಿಂದ ನಲವತ್ತು ಹೆಜ್ಜೆ ದೂರದಲ್ಲಿ ನಿಲ್ಲುತ್ತೀಯ, ಒಂದು ದಿನವೂ ತಲೆ ಎತ್ತಿ ನೋಡಿಲ್ಲ.

ಸಿಟ್ಟನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಅದು ನಿಲ್ಲುವುದಿಲ್ಲ, ನಿನಗೆ ಗೊತ್ತು. ಆದರೂ.

ಆ ೧೯೯೩ರ ಬೇಸಿಗೆಯಲ್ಲಿ ನೀನೂ ಕರ್ಟಿಸನೂ ನನ್ನ ಮಹಡಿಯ ಕೋಣೆಗೆ ಬಂದಾಗ ನಿಮಗೆ ಹತ್ತೊಂಬತ್ತು. ನೀನು ಓಕ್ಲಹೋಮಾದವನು, ಅವನು ಜಾರ್ಜಿಯಾದವನು. ನನ್ನ ಹಾಬರ್ಟ್ ಗಣಿಯ ಧೂಳು ಕುಡಿದು ಸತ್ತು ಎರಡು ವರ್ಷವಾಗಿತ್ತು. ಮೆಟ್ಟಿಲ ಮೇಲೆ ಗಂಡಸರ ಬೂಟಿನ ಸದ್ದು ಮತ್ತೆ ಕೇಳಿದ್ದು ನಿಮ್ಮಿಂದ. ತಾನು ಎಸೆದ ದಿನ ಕರ್ಟಿಸ್ ಬಲಗೈಯನ್ನು ಐಸಿನ ಬಕೆಟ್ಟಿನಲ್ಲಿಟ್ಟು ಎಡಗೈಯಲ್ಲಿ ಕರಿದ ಕೋಳಿ ತಿನ್ನುತ್ತಿದ್ದ, ನೀನು ಅವನ ತಟ್ಟೆಯಿಂದ ಕಾಲು ಕದಿಯುತ್ತಿದ್ದೆ. "ಕದಿ ಮಗನೆ, ಕದಿ. ನಾಳೆ ನಿನ್ನ ಚೆಂಡನ್ನೂ ಯಾವನಾದ್ರೂ ಹಿಂಗೇ ಎತ್ತಿ ಬೇಲಿ ಆಚೆ ಹಾಕ್ತಾನೆ," ಎನ್ನುತ್ತಿದ್ದ. ನೀನು ಮೂಳೆಯನ್ನು ಅವನ ಬಕೆಟ್ಟಿಗೆ ಹಾಕುತ್ತಿದ್ದೆ. ನಾನು ಇಬ್ಬರ ತಲೆಗೂ ಸೌಟಿನಿಂದ ಕುಟ್ಟುತ್ತಿದ್ದೆ.

ಬೆಳಿಗ್ಗೆ ಪೇಪರ್ ಬಂದರೆ ಮೂವರೂ ಅದರ ಮೇಲೆ ಬೀಳುತ್ತಿದ್ದೆವು. ದೊಡ್ಡ ಟೀಮಿನ ಸುದ್ದಿ ನಮಗೆ ಬೇಕಿರಲಿಲ್ಲ, ಅದು ದಿನಾ ಸೋಲುತ್ತಿತ್ತು. ನಮಗೆ ಬೇಕಿದ್ದದ್ದು ಅದರ ಕೆಳಗಿನ ಮೆಟ್ಟಿಲುಗಳು. ಐದು ಸಣ್ಣ ಊರುಗಳ ಐದು ಸಣ್ಣ ತಂಡಗಳಲ್ಲಿ ಯಾವ ಹುಡುಗ ಎಷ್ಟು ಜನರನ್ನು ಔಟ್ ಮಾಡಿದ, ಯಾರು ಒಂದು ಮೆಟ್ಟಿಲು ಹತ್ತಿದ, ಯಾರ ಹೆಸರು ಸದ್ದಿಲ್ಲದೆ ಕಾಣೆಯಾಯಿತು. ಚಿಕ್ಕ ಅಕ್ಷರದ ಆ ಸಾಲುಗಳನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬಾಗಿಲು ಸಾಲದೆ ಗೋಡೆಗೆ ಹಬ್ಬಿತು. ಇವತ್ತು ಆ ಗೋಡೆಯ ಮೇಲೆ ನಲವತ್ತೇಳು ಪಿಚರ್‌ಗಳಿದ್ದಾರೆ, ಎಲ್ಲರೂ ನನ್ನ ಮಹಡಿಯಲ್ಲಿ ಮಲಗಿ ಎದ್ದವರು. ತುದಿಯ ಮೆಟ್ಟಿಲು ಮುಟ್ಟಿದವರು ಇಬ್ಬರೇ. ಅದರಲ್ಲಿ ಒಬ್ಬ ನೀನು. ಹನ್ನೊಂದು ಆಟ. ಆ ಹನ್ನೊಂದನ್ನೂ ಅಡುಗೆಮನೆಯ ರೇಡಿಯೋ ಮುಂದೆ ನಿಂತುಕೊಂಡೇ ಕೇಳಿದ್ದೇನೆ. ಕೂತರೆ ಯಾರಾದರೂ ನಿನ್ನ ಚೆಂಡನ್ನು ಹೊಡೆದುಬಿಡುತ್ತಾರೆ ಅನ್ನಿಸುತ್ತಿತ್ತು.

ಈಗ ಹಾಳೆಯ ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ನಾಳೆ ಎಸೆಯಬೇಕಾದವನು ಇವತ್ತು ಬ್ಯಾಟರ್‌ನ ಹಿಂದಿನ ಗ್ಯಾಲರಿಯಲ್ಲಿ ವೇಗ ಅಳೆಯುವ ಗನ್ನು ಹಿಡಿದು ಕೂತು, ಒಂದೊಂದು ಎಸೆತವನ್ನೂ ಹಾಳೆಗೆ ಇಳಿಸಬೇಕು. ಮರುದಿನ ಆ ಹಾಳೆ ಡ್ರೆಸ್ಸಿಂಗ್ ರೂಮಿನ ಗೋಡೆಗೆ ಅಂಟುತ್ತಿತ್ತು, ಅದರ ನಕಲು ಮೇಲಿನವರಿಗೆ ಹೋಗುತ್ತಿತ್ತು. ಕರ್ಟಿಸ್ ಎಸೆದ ಮಾರನೆಯ ದಿನ ನಿನ್ನ ಸರದಿ. ಹಾಗಾಗಿ ಅವನ ಹಾಳೆ ನಿನ್ನ ಪಾಲಿಗೆ ಬರುತ್ತಿತ್ತು. ನೀನು ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತೆ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಗನ್ನು ನೀನು ಓದು, ಪೆನ್ಸಿಲ್ ಇತ್ತ ಕೊಡು ಎಂದವಳು ನಾನೇ.

ಜುಲೈ ನಡುವೆ ಕರ್ಟಿಸನ ಎಸೆತದ ವೇಗ ಗಂಟೆಗೆ ತೊಂಬತ್ತಮೂರು ಮೈಲಿಯಿಂದ ತೊಂಬತ್ತಕ್ಕೆ ಇಳಿಯಿತು. ಆಮೇಲೆ ಎಂಬತ್ತೊಂಬತ್ತು. ನೀನು ಗನ್ನನ್ನು ಮಡಿಲಿಗೆ ಇಳಿಸಿ, ನನ್ನ ಮುಖ ನೋಡದೆ ಹೇಳಿದೆ. "ಅಮ್ಮ, ಎರಡು ಸೇರ್ಸಿ ಬರೀರಿ. ತೊಂಬತ್ತರ ಕೆಳಗೆ ಕಂಡ್ರೆ ಅವನನ್ನ ಮನೆ ಬಸ್ಸು ಹತ್ತಿಸ್ತಾರೆ. ಅವನಿಗೆ ಮಾತ್ರ ಹೇಳ್ಬೇಡಿ, ಧೈರ್ಯ ಹೋಗುತ್ತೆ."

ನಾನು ತೊಂಬತ್ತೊಂದು ಎಂದು ಬರೆದೆ.

ಒಂದು ಗಳಿಗೆಯೂ ಯೋಚಿಸಲಿಲ್ಲ, ಯಾಕೆಂದರೆ ಆ ವಿದ್ಯೆ ನನಗೆ ಮೊದಲೇ ಬರುತ್ತಿತ್ತು. ಇಪ್ಪತ್ತಾರು ವರ್ಷ ಫ್ಯಾಕ್ಟರಿಯಲ್ಲಿ ಪ್ಯಾಂಟಿನ ಜೇಬು ಹೊಲಿದವಳು ನಾನು. ಸ್ಟಾಪ್‌ವಾಚ್ ಹಿಡಿದವನು ಬೆನ್ನ ಹಿಂದೆ ಬಂದು ನಿಂತನೆಂದರೆ ಇಡೀ ಸಾಲಿನ ಹೆಂಗಸರು ಕೈ ನಿಧಾನ ಮಾಡುತ್ತಿದ್ದರು. ನಮ್ಮ ನಿಜವಾದ ವೇಗ ಅವನಿಗೆ ಸಿಕ್ಕಿತೆಂದರೆ ಮಾರನೆಯ ದಿನದಿಂದ ಅದೇ ಕಾನೂನು, ಬೆರಳು ಸವೆಯುವವರೆಗೂ ಬಿಡುಗಡೆಯಿಲ್ಲ. ಯಜಮಾನನ ಗಡಿಯಾರಕ್ಕೆ ಸುಳ್ಳು ಹೇಳಬಹುದು ಎಂದು ನನಗೆ ಹಿರಿಯ ಹೆಂಗಸರು ಕಲಿಸಿದರು, ನಾನು ನೂರು ಹುಡುಗಿಯರಿಗೆ ಕಲಿಸಿದೆ. ನಿನ್ನ ಕೈಯಲ್ಲಿದ್ದ ಗನ್ನು ನನ್ನ ಕಣ್ಣಿಗೆ ಆ ಗಡಿಯಾರದ ಹಾಗೇ ಕಂಡಿತು. ಫ್ಯಾಕ್ಟರಿಯಲ್ಲಿ ನಾವು ಸುಳ್ಳು ಹೇಳಿ ಕೈಗೆ ಬಿಡುವು ಗಿಟ್ಟಿಸುತ್ತಿದ್ದೆವು. ಮೈದಾನದಲ್ಲಿ ಸುಳ್ಳು ಹೇಳಿ, ಕೆಟ್ಟ ಕೈಯನ್ನು ವಾರವಾರವೂ ದುಡಿತಕ್ಕೆ ತಳ್ಳಿದೆವು. ನಾಲ್ಕು ತಿಂಗಳು ಮುಷ್ಕರ ಕೂತ ಹೆಂಗಸಿಗೆ ಇಷ್ಟು ಹೊಳೆಯಲಿಲ್ಲ ನೋಡು.

ಐದು ಆಟ ಹಾಗೆ ಬರೆದೆ. ಐದನೆಯದು ಆಗಸ್ಟ್ ಹದಿನಾಲ್ಕು, ನಾಲ್ಕನೇ ಇನಿಂಗ್ಸ್. ಗನ್ನು ಎಂಬತ್ತಾರು ತೋರಿಸಿತು. ಎರಡು ಸೇರಿಸಿದರೂ ಸಾಲದು ಎಂದು ನಾನಾಗಿ ನಾಲ್ಕು ಸೇರಿಸಿದೆ, ನೀನು ಹೇಳಿರಲಿಲ್ಲ. ತೊಂಬತ್ತು ಎಂದು ಬರೆದು ಪೆನ್ಸಿಲ್ ಎತ್ತುವಷ್ಟರಲ್ಲಿ ಮುಂದಿನ ಚೆಂಡು ಕ್ಯಾಚರ್‌ನ ತಲೆಯ ಮೇಲಿಂದ ಬಂದು ನಮ್ಮ ಮುಂದಿನ ಬಲೆಗೆ ಬಡಿಯಿತು. ಕರ್ಟಿಸ್ ಮೊಣಕೈ ಹಿಡಿದುಕೊಂಡು ಮಣ್ಣಿನ ಮೇಲೆ ಕೂತುಬಿಟ್ಟ. ನೀನು ಗನ್ನು ಬಿಸಾಕಿ ಓಡಿದೆ. ಆ ಹಾಳೆಯನ್ನು ಆಮೇಲೆ ಯಾರೂ ಕೇಳಲಿಲ್ಲ, ನನ್ನ ಕೈಚೀಲದಲ್ಲೇ ಉಳಿಯಿತು. ನಾಲ್ಕು ದಿನ ಕಳೆದು ಕ್ಲಬ್ಬಿನಿಂದ ಫೋನ್ ಬಂತು, ಅವನ ಹಾಸಿಗೆ ಖಾಲಿ ಮಾಡಿಸಿ, ಹೊಸಬ ಬರುತ್ತಿದ್ದಾನೆ ಎಂದರು. ಆಸ್ಪತ್ರೆಯಲ್ಲಿದ್ದವನಿಗೆ ಆ ಸುದ್ದಿ ಹೇಳುವ ಕೆಲಸವನ್ನೂ ನನಗೇ ಬಿಟ್ಟರು.

ಆ ವಾರ ಯೂನಿಯನ್ ಆಫೀಸಿನಲ್ಲಿ ಮೇಜು ಗುದ್ದಿ ಭಾಷಣ ಮಾಡಿದೆ. ಕ್ಲಬ್ಬು ಒಬ್ಬ ಹುಡುಗನ ಕೈಯನ್ನು ತಿಂದಿತು ಎಂದೆ. ಹದಿನೈದು ವರ್ಷ ಅದನ್ನೇ ಹೇಳಿದ್ದೇನೆ. ನಿಜವೇ, ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಊಟಕ್ಕೆ ತಟ್ಟೆ ಹಾಕಿಕೊಟ್ಟವಳು ನಾನು ಎಂಬುದನ್ನು ಯಾರಿಗೂ ಹೇಳಲಿಲ್ಲ. ಪೆನ್ಸಿಲ್ ಮುಟ್ಟುವುದನ್ನು ಬಿಟ್ಟೆ, ಅಷ್ಟೇ.

ನಿನ್ನೆ ಮತ್ತೆ ಮುಟ್ಟಿದೆ. ಯಾಕೆ ಎಂದು ಕೇಳು.

ನಿನ್ನೆ ಎಸೆದವನು ಎಲಿಯೆಸರ್. ವೆನೆಜುವೆಲಾದವನು, ನನ್ನ ಮಹಡಿಯಲ್ಲಿರುವವನು, ಅದೇ ಹತ್ತೊಂಬತ್ತು. ಅವನ ತಾಯಿ ಫೋನಿನಲ್ಲಿ ಹೇಳಿಕೊಟ್ಟಂತೆ ಮೆಕ್ಕೆಜೋಳದ ಹಿಟ್ಟಿನ ಅರೆಪಾ ರೊಟ್ಟಿ ತಟ್ಟುವುದನ್ನು ಕಲಿತಿದ್ದೇನೆ. ನನ್ನದು ಚಪ್ಪಲಿಯ ಹಾಗಿದೆ ಎಂದು ಆಡಿಕೊಂಡು ನಾಲ್ಕು ತಿನ್ನುತ್ತಾನೆ. ಎರಡು ವಾರದಿಂದ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಾನೆ. ಬಾಗಿಲ ಹಿಡಿಯನ್ನೂ ಎಡಗೈಯಲ್ಲೇ ತಿರುಗಿಸುತ್ತಾನೆ. ಕೇಳಿದರೆ ರೂಢಿ ಮಾಡುತ್ತಿದ್ದೇನೆ ಅಮ್ಮ ಎಂದು ನಗುತ್ತಾನೆ.

ಹಾಳೆ ಬರೆಯುವ ಸರದಿ ಡಾರಿನ್‌ನದು, ನಿನ್ನ ಟೀಮಿನ ಆ ಉದ್ದ ಕಾಲಿನ ಹುಡುಗ. ಅವನು ಪೆನ್ಸಿಲನ್ನು ನನ್ನ ಕಡೆ ಚಾಚಿ, "ನೀವೇ ಬರೀರಿ ಅಮ್ಮ. ನೀವು ಎರಡು ಸೇರಿಸ್ತೀರಂತಲ್ಲ," ಎಂದ. ಯಾರು ಹೇಳಿದರು ಎಂದೆ. "ಕೋಚೇ ಬಸ್ಸಲ್ಲಿ ಹೇಳಿದ್ರು. ಅಮ್ಮನ ಎರಡು ಮೈಲಿ ಅಂತ. ನಕ್ಕು ನಕ್ಕು ಸಾಕಾಯ್ತು ನಮಗೆ."

ಕೋಚ್ ಎಂದರೆ ನೀನು, ಲೈಲ್. ಕರ್ಟಿಸನ ಹೆಸರು ನೀನು ಹೇಳಲಿಲ್ಲವಂತೆ. ಆ ಕತೆ ಹೇಗೆ ಮುಗಿಯಿತು ಎಂಬುದನ್ನೂ ಹೇಳಲಿಲ್ಲವಂತೆ. ಹದಿನೈದು ವರ್ಷ ಎಷ್ಟು ಬಸ್ಸುಗಳಲ್ಲಿ ಹೀಗೆ ನಗಿಸಿದೆಯೋ, ಎಷ್ಟು ಹುಡುಗರು ಎಷ್ಟು ಊರುಗಳಲ್ಲಿ ತಮ್ಮ ಗೆಳೆಯನ ಮೇಲಿನ ಪ್ರೀತಿಗೆ ಎರಡು ಸೇರಿಸಿದರೋ, ನಾನು ಹೇಗೆ ತಿಳಿಯಲಿ? ನೀನು ಕೆಟ್ಟವನಲ್ಲ. ಅಳಲಾಗದ್ದನ್ನು ನಗುವ ಮಾತು ಮಾಡಿಕೊಂಡೆ. ನಾನು ಅದನ್ನೇ ಭಾಷಣ ಮಾಡಿಕೊಂಡೆ.

ನಾನು ಪೆನ್ಸಿಲ್ ತೆಗೆದುಕೊಂಡು ಗನ್ನು ತೋರಿಸಿದ್ದನ್ನೇ ಬರೆದೆ. ತೊಂಬತ್ತೊಂದು, ತೊಂಬತ್ತು, ಎಂಬತ್ತೊಂಬತ್ತು. ನಾಲ್ಕನೇ ಇನಿಂಗ್ಸ್ ಮುಗಿಯುವಾಗ ಎಂಬತ್ತೇಳು. ಡಾರಿನ್ ಹಾಳೆ ನೋಡಿ ಬೆಪ್ಪಾದ. ಅದನ್ನು ಮಡಿಚಿ ನನ್ನ ಕೈಗೇ ಕೊಟ್ಟು, ತೊಡೆಯ ಮೇಲೆ ಇನ್ನೊಂದು ಹಾಳೆ ಇಟ್ಟುಕೊಂಡು ಎಲ್ಲಕ್ಕೂ ಎರಡು ಸೇರಿಸಿ ಬರೆದ. ನಿನ್ನ ಮೇಜಿನ ಮೇಲಿರುವುದು ಅದು. ನಿಜವಾದದ್ದು ಈ ಲಕೋಟೆಯಲ್ಲಿದೆ. ಡಾರಿನ್‌ಗೆ ಬೈಯಬೇಡ, ಅವನು ನಮ್ಮಿಬ್ಬರ ಶಿಷ್ಯ.

ಊಟಕ್ಕೆ ಕೂತಾಗ ಎಲಿಯೆಸರ್‌ಗೆ ನಾನೇ ಹೇಳಿದೆ, ನಿನ್ನದು ಎಂಬತ್ತೇಳಿಗೆ ಇಳಿದಿದೆ ಕಂದಾ ಎಂದು. ತಟ್ಟೆ ಸರಿಸಿ ಎದ್ದುಹೋದ. ಇವತ್ತು ಬೆಳಿಗ್ಗೆ ನನ್ನನ್ನು ಮೇಡಂ ಎನ್ನುವ ಹಾಗೆ "ಸೆನ್ಯೋರಾ" ಎಂದು ಕರೆದ. ಅಮ್ಮ ಅನ್ನಲಿಲ್ಲ. ಸಹಿಸುತ್ತೇನೆ.

ಅವನ ಮುಂದಿನ ಸರದಿ ಮಂಗಳವಾರ. ಆ ಮಂಗಳವಾರ ಅವನು ಚೆಂಡು ಮುಟ್ಟಬಾರದು. ಇದು ಬೇಡಿಕೆ, ಬಿನ್ನಹವಲ್ಲ. ಮೊಣಕೈ ಬಲ್ಲ ಡಾಕ್ಟರ್ ಅವನನ್ನು ನೋಡಬೇಕು, ಕೈ ವಾಸಿಯಾಗುವ ತನಕ ಅವನ ಹೆಸರು ಪಟ್ಟಿಯಲ್ಲಿರಬೇಕು, ಅವನು ನನ್ನ ಮಹಡಿಯಲ್ಲಿರಬೇಕು. ಹುಡುಗರನ್ನು ಇಟ್ಟುಕೊಂಡಿರುವ ಹನ್ನೊಂದು ಮನೆಗಳವರೂ ಸೋಮವಾರ ಸೇರುತ್ತಿದ್ದೇವೆ. ನೋವು ಎಂದ ಕಾರಣಕ್ಕೆ ಇನ್ನೊಬ್ಬನನ್ನು ಅಟ್ಟಿದರೆ ಹನ್ನೊಂದೂ ಮನೆಯವರು ಮೈದಾನದ ಗೇಟಿಗೆ ಅಡ್ಡ ಕೂರುತ್ತೇವೆ. ಕೂರುವುದು ನನಗೆ ಹೊಸದಲ್ಲ, ಕುರ್ಚಿಯೂ ಹಳೆಯದೇ ಇದೆ.

ಆ ಸಭೆಯಲ್ಲಿ ಮೊದಲು ನನ್ನ ಕೈಚೀಲದ ಹಾಳೆಯನ್ನು ಮೇಜಿನ ಮೇಲಿಡುತ್ತೇನೆ. ಅಕ್ಷರ ನನ್ನದು ಎನ್ನುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ನೀನು, ಹುಡುಗರ ಎದುರಿಗೆ, ಕತೆಯ ಕೊನೆಯ ಸಮೇತ.

ಸೋಮವಾರದ ಊಟಕ್ಕೆ ಬೀನ್ಸ್ ಕಾಳು ಭಾನುವಾರವೇ ನೆನೆಹಾಕುತ್ತೇನೆ.

ನಿನ್ನ,
ಆರ್ವೆಲಾ ಸ್ಟ್ಯಾಂಪರ್
ಮೂರನೇ ಸಾಲು, ಏಳನೇ ಸೀಟು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಕರ್ಟಿಸ್ ಜಾರ್ಜಿಯಾಕ್ಕೆ ಹಿಂತಿರುಗಲಿಲ್ಲ, ಇಲ್ಲೇ ಶಾಲೆಯ ಬಸ್ಸು ಓಡಿಸುತ್ತಾನೆ ಎಂಬುದು ನಿನಗೆ ಗೊತ್ತು. ಇವತ್ತು ಬೆಳಿಗ್ಗೆ ಹೋಗಿ ಅವನಿಗೆ ಎಲ್ಲವನ್ನೂ ಹೇಳಿದೆ. ಬಸ್ಸು ತೊಳೆಯುತ್ತಿದ್ದವನು ಪೈಪು ಕೆಳಗಿಟ್ಟ. ಕೊನೆಯ ಹಾಳೆಯ ದಿನ ನಿಜಕ್ಕೂ ಎಷ್ಟಿತ್ತು ಎಂದು ಕೇಳಿದ. ಎಂಬತ್ತಾರು ಎಂದೆ. ನೀರು ಹರಿದು ನಮ್ಮಿಬ್ಬರ ಚಪ್ಪಲಿ ಒದ್ದೆಯಾಯಿತು. ಆಮೇಲೆ ಹೇಳಿದ: "ಕೈ ಸಾಯ್ತಿದೆ ಅಂತ ನಂಗೆ ಗೊತ್ತಾಗ್ತಿತ್ತಮ್ಮ. ಗೋಡೆ ಮೇಲೆ ತೊಂಬತ್ತೊಂದು ಅಂತ ಇರೋದು ನೋಡ್ದಾಗೆಲ್ಲ, ನೋವೇ ಸುಳ್ಳು ಅಂದ್ಕೊಂಡು ಇನ್ನೂ ಜೋರಾಗಿ ಎಸೀತಿದ್ದೆ."

ಪೈಪು ಎತ್ತಿಕೊಂಡ. ನಾನು ತಿರುಗಿ ಹೊರಟಾಗ ಕೂಗಿ ಹೇಳಿದ, ಯೂನಿಯನ್ ಆಫೀಸಿನ ಬೀಗದ ಕೈ ನನ್ನ ಹತ್ತಿರವೇ ಇದೆ, ಬಾಗಿಲು ತೆಗೆದು ಸಭೆಗೆ ಕುರ್ಚಿ ಹಾಕಿರುತ್ತೇನೆ, ಲೈಲ್‌ಗೂ ಒಂದು ಎಂದು. ಸೋಮವಾರ, ಆಗಸ್ಟ್ ನಾಲ್ಕು, ಬೆಳಿಗ್ಗೆ ಹತ್ತು ಗಂಟೆಗೆ.