ಮಾಮೂಲಿ ದಿನದ ಪರೀಕ್ಷೆ

ಮಾರ್ಚ್ 4, ಮಂಗಳವಾರ

ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಎರಡು ಸಲ ತಪ್ಪಿಲ್ಲದೆ ಬಂತು. ಮೂರನೇ ಸಲ ಬಾಲು ಸಿಂಕಿನಲ್ಲಿ ಪಾತ್ರೆ ಬೀಳಿಸಿದ. ಎಲ್ಲ ಹೋಯಿತು. ರೇಗಿದೆ. ಸಾರಿ ಅಂದ. ಗಂಡ ಪಾತ್ರೆ ತೊಳೆಯುವುದು, ಹೆಂಡತಿ ಮಗ್ಗಿ ಒಪ್ಪಿಸುವುದು — ಚೆನ್ನಾಗಿದೆ ಸಂಸಾರ.

ಮುಂದಿನ ಮಂಗಳವಾರ ಡಾ. ನೊವಾಕ್. ಆಸ್ಪತ್ರೆಯವರು ಗೊತ್ತು ಮಾಡಿದ ಸೈಕಿಯಾಟ್ರಿಸ್ಟ್. ಔಷಧಿ ಕೊಡುವವರಲ್ಲ, ತೀರ್ಪು ಕೊಡುವವರು. ಈ ಡಿಪ್ರೆಷನ್ ಇಟ್ಟುಕೊಂಡು ನಾನು ಅವರ ಫಾರ್ಮಸಿಯಲ್ಲಿ ಕೆಲಸ ಮಾಡಬಹುದೋ ಇಲ್ಲವೋ. ಹೂಂ ಅಂದರೆ ಈ ತಿಂಗಳೇ ವಾಪಸ್. ಉಹೂಂ ಅಂದರೆ ನನ್ನ ಜಾಗಕ್ಕೆ ಇನ್ಯಾರೋ. ಕೆಲಸವಿಲ್ಲದ ಛಾಯಾ ಹೇಗಿರುತ್ತಾಳೆ ಅಂತ ಈ ಚಳಿಗಾಲ ನೋಡಿದ್ದೇನೆ. ಸಾಕು.

ಪರೀಕ್ಷೆ ಅಂದಮೇಲೆ ಓದಬೇಕು. ಮೈಸೂರಿನಲ್ಲಿ ಅಪ್ಪ ಕಲಿಸಿದ್ದು ಅದೊಂದೇ. ಏನು ಕೇಳುತ್ತಾರೆ, ಏನು ಗಮನಿಸುತ್ತಾರೆ, ಎಲ್ಲ ನೆಟ್‌ನಲ್ಲಿದೆ. ಬಟ್ಟೆ, ತಲೆಕೂದಲು, ಕಣ್ಣಿಗೆ ಕಣ್ಣು ಕೊಟ್ಟು ಮಾತು... ಧೃತಿ ಬಗ್ಗಿ ನೋಡಿದಳು. “ಮಾಮ್, ಯು ಕಾಂಟ್ ಸ್ಟಡಿ ಫಾರ್ ದಿಸ್.” ತಾನು ಕಾಲೇಜು ಸೇರುವ ಎಸ್‌ಎಟಿ ಪರೀಕ್ಷೆಗೆ ಓದುವುದಿಲ್ಲ, ನನಗೆ ಬುದ್ಧಿ ಹೇಳುತ್ತಾಳೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಕೊತ್ತಂಬರಿ ಸೊಪ್ಪು ತರಲು ನೋವೈ ಊರಿನ ಇಂಡಿಯನ್ ಅಂಗಡಿಗೆ ಹೊರಟೆ. ನಾನೇ ಡ್ರೈವ್ ಮಾಡಿ ತೋರಿಸೋಣ ಅಂತ. I-96 ಹೈವೇ ಹತ್ತಿದ್ದು ನೆನಪಿದೆ. ಆಮೇಲೆ ಬೇರೆ ಯಾವುದೋ ಊರಿನ ಬೋರ್ಡು, ಹೊವೆಲ್ ಅಂತ. ಮಧ್ಯದ ಇಪ್ಪತ್ತು ಚಿಲ್ಲರೆ ಮೈಲಿ ಎಲ್ಲಿ ಹೋಯಿತು ಗೊತ್ತಿಲ್ಲ. ಎಕ್ಸಿಟ್ ತೆಗೆದುಕೊಂಡು ಗ್ಯಾಸ್ ಸ್ಟೇಷನ್‌ನಲ್ಲಿ ನಿಲ್ಲಿಸಿದೆ. ಎಲ್ಲಿಗೆ ಹೊರಟಿದ್ದೆ ಅಂತ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಭಯ ಅಂದರೆ ಅಷ್ಟು ಭಯ.

ಬಾಲುಗೆ ಟ್ರಾಫಿಕ್ ಇತ್ತು ಅಂದೆ. ಮಧ್ಯಾಹ್ನ ಹನ್ನೆರಡಕ್ಕೆ ಟ್ರಾಫಿಕ್. ಅವನೂ ಹೌದಾ ಅಂದ. ಸೊಪ್ಪು ಎಲ್ಲಿ ಅಂತ ಕೇಳಲಿಲ್ಲ.

ಮಾರ್ಚ್ 11, ಮಂಗಳವಾರ

ಮುಗಿಯಿತು.

ನೊವಾಕ್ ಅರವತ್ತರ ಹೆಂಗಸು. ಉದ್ದನೆಯ ಸ್ವೆಟರ್, ಬೂಟಿನ ಮೇಲೆ ಹಿಮ ಕರಗಲು ರಸ್ತೆಗೆ ಸುರಿಯುವ ಉಪ್ಪು. ನಾನು ಇಸ್ತ್ರಿ ಮಾಡಿದ ನೀಲಿ ಶರ್ಟು, ಲಿಪ್‌ಸ್ಟಿಕ್. ಇಬ್ಬರಲ್ಲಿ ಪೇಷಂಟ್ ಯಾರು ಅಂತ ಕೇಳಿದ್ದರೆ ಯಾರಾದರೂ ಅವರನ್ನೇ ತೋರಿಸುತ್ತಿದ್ದರು.

ಮಗ್ಗಿ ಕೇಳಲೇ ಇಲ್ಲ! ಅಷ್ಟು ಓದಿದ್ದು ದಂಡ.

ಕಾಯಿಲೆಯ ಹೆಸರಿನಿಂದ ತನಗೇನೂ ಗೊತ್ತಾಗುವುದಿಲ್ಲ ಅಂದರು. ಅದೇ ಹೆಸರಿನ ಕಾಯಿಲೆಯಲ್ಲಿ ಒಬ್ಬರು ಕೆಲಸಕ್ಕೆ ಹೋಗಿ ಬರುತ್ತಾರೆ, ಇನ್ನೊಬ್ಬರಿಗೆ ಹಲ್ಲುಜ್ಜಲೂ ಆಗುವುದಿಲ್ಲ. ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ಮಧ್ಯೆ ಯಾರೋ ಮಾತಾಡಿಸಿದರೆ ಏನಾಗುತ್ತದೆ, ಶಿಫ್ಟಿನ ಕೊನೆಯಲ್ಲಿ ಹೇಗಿರುತ್ತೀರಿ — ಅಷ್ಟೇ ಬೇಕು ಅಂದರು. ಡಿಸೆಂಬರಿನದ್ದನ್ನೂ ಕೇಳಿದರು. ಹೇಳಿದೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಾರ್ಡು. ಡೋಸಿನಲ್ಲಿ ದಶಮಾಂಶದ ಪಾಯಿಂಟ್ ಒಂದು ಜಾಗ ಸರಿದಿತ್ತು. ಹತ್ತು ಪಟ್ಟು. ನಾನು ಚೆಕ್ ಮಾಡಿ ಸೈನ್ ಹಾಕಿದ್ದೆ. ಕೊಡುವ ಮುಂಚೆ ನರ್ಸ್ ತಪ್ಪು ಹಿಡಿದಳು. ಮಗುವಿಗೆ ಏನೂ ಆಗಲಿಲ್ಲ. ಇದಕ್ಕೆ ತಯಾರಾಗಿದ್ದೆ, ಧ್ವನಿ ನಡುಗಲಿಲ್ಲ.

ಆಮೇಲೆ, “ಒಂದು ಮಾಮೂಲಿ ದಿನ ಹೇಳಿ. ಬೆಳಗ್ಗೆ ಕಾಫಿಯಿಂದ ಶುರು ಮಾಡಿ.”

ಇದಕ್ಕೆ ತಯಾರಾಗಿರಲಿಲ್ಲ. ಬಾಯಿ ತಾನೇ ಶುರು ಮಾಡಿತು. ಎದ್ದು ಫಿಲ್ಟರ್ ಕಾಫಿ ಹಾಕುತ್ತೇನೆ. ಮಗಳಿಗೆ ಡಬ್ಬಿ ಕಟ್ಟುತ್ತೇನೆ. ಸ್ಕೂಲಿಗೆ ಬಿಡುತ್ತೇನೆ. ಬಂದು ಲಾಂಡ್ರಿ, ಸಂಜೆ ಅಡುಗೆ... ಬಾಲುವಿನ ದಿನವನ್ನು ಎತ್ತಿ ನನ್ನದು ಅಂತ ಕೊಟ್ಟುಬಿಟ್ಟೆ. ನನ್ನ ದಿನದಲ್ಲಿ ಇರುವುದು ಸೋಫಾ, ಮತ್ತು ಕಿಟಕಿ.

ನಾಳೆ ನಿಮ್ಮ ಮನೆಯವರ ಹತ್ತಿರ ಫೋನಿನಲ್ಲಿ ಮಾತಾಡಬಹುದಾ ಅಂದರು. ಧಾರಾಳವಾಗಿ ಅಂದೆ. ಕಾರಿನಲ್ಲಿ ಬರುವಾಗ ಬಾಲುಗೆ ಎಲ್ಲ ಹೇಳಿಬಿಡಬೇಕಿತ್ತು. ನಾಳೆ ನಿಜ ಹೇಳುತ್ತಾನೆ. ಬಾಲುಗೆ ಸುಳ್ಳು ಬರುವುದಿಲ್ಲ.

ಮಾರ್ಚ್ 12

ಬರುತ್ತದೆ.

ಗರಾಜಿನಲ್ಲಿ ನಿಂತು ನೊವಾಕ್ ಜೊತೆ ಫೋನಿನಲ್ಲಿ ಮಾತಾಡಿದ. ಬಾಗಿಲ ಈಚೆ ನಾನು. ಹೌದು, ಬೆಳಗ್ಗೆ ಅವಳೇ ಮೊದಲು ಏಳುವುದು. ಕಾಫಿ ಅವಳದೇ. ಅಡುಗೆ, ಡ್ರೈವಿಂಗ್, ಎಲ್ಲ ಮೊದಲಿನ ಹಾಗೇ. ನಾನು ಏನು ಹೇಳಿದ್ದೇನೆ ಅಂತ ಅವನಿಗೆ ಗೊತ್ತೇ ಇಲ್ಲ. ಆದರೂ ತಾಳಕ್ಕೆ ತಾಳ ಕೂಡಿತು. ಮನೆಯ ಮಾತು ಬೀದಿಗೆ ಬರಬಾರದು, ಇಬ್ಬರೂ ಅದೇ ಪಾಠ ಕಲಿತು ಬೆಳೆದವರು.

ಒಳಗೆ ಬಂದು ಈರುಳ್ಳಿ ಹೆಚ್ಚಲು ಕೂತ. ಏನು ಕೇಳಿದರು ಅಂದೆ. ಏನಿಲ್ಲ, ಸುಮ್ಮನೆ ಫಾರ್ಮಾಲಿಟಿ ಅಂದ. ಅವನ ಮೇಲೆ ಪ್ರೀತಿ ಉಕ್ಕಿತು. ಅಷ್ಟೇ ಸಿಟ್ಟೂ ಬಂತು. ಯಾಕೆ ಸಿಟ್ಟು, ಗೊತ್ತಿಲ್ಲ.

ಮಾರ್ಚ್ 21, ಶುಕ್ರವಾರ

ಫಿಟ್ ಅಂತೆ. ಎಚ್‌ಆರ್‌ನಿಂದ ಫೋನು. ಸೋಮವಾರದಿಂದ ಬರಬಹುದು. ಮೊದಲ ವಾರ ಅದೇ ಕೂಸುಗಳ ವಾರ್ಡಿನ ಡೆಸ್ಕೇ, ಅಲ್ಲಿ ಸ್ಟಾಫ್ ಕಮ್ಮಿ.

ಬಾಲು ಹೆಸರುಬೇಳೆ ಪಾಯಸ ಮಾಡಿದ. ಅವನ ತಂಗಿ ಪದ್ಮ ಶಾಮ್‌ಬರ್ಗಿನಿಂದ ವಿಡಿಯೋ ಕಾಲ್. ಏಳು ತಿಂಗಳು ಅವಳಿಗೆ, ಹೊಟ್ಟೆ ತೋರಿಸಿ ನಕ್ಕಳು. “ಅತ್ತಿಗೆ, ನೀವು ಸರಿಹೋದ್ರಲ್ಲ, ಇನ್ನು ಬಾಣಂತನಕ್ಕೆ ಔಷಧಿ ಎಲ್ಲ ನಿಮ್ಮನ್ನೇ ಕೇಳೋದು.” ಆಯ್ತಮ್ಮ ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೋನ್ ಇಟ್ಟಮೇಲೆ ಕನ್ನಡಿ ನೋಡಿದೆ. ಗೆದ್ದವಳ ಮುಖ ಇರಲಿಲ್ಲ ಅಲ್ಲಿ.

ಮಾರ್ಚ್ 23, ಭಾನುವಾರ

ಇವತ್ತು ನಾನೇ ನನಗೆ ಪರೀಕ್ಷೆ ಇಟ್ಟುಕೊಂಡೆ. ನಿದ್ದೆಯಲ್ಲೂ ಮಾಡುತ್ತಿದ್ದಂಥ ಡೋಸ್ ಲೆಕ್ಕಗಳು. ಧೃತಿಗೆ ಎದುರು ಕೂತು ವಾರ್ಡಿನ ಹಾಗೆ ಕಾಟ ಕೊಡು ಅಂದೆ. ಫೋನ್ ಬಾರಿಸು, ಮಧ್ಯೆ ಏನಾದರೂ ಕೇಳು. ಅವಳಿಗೆ ಖುಷಿ, ಕ್ಯಾಲ್ಕುಲೇಟರ್ ಹಿಡಿದು ಕೂತಳು. ಮೊದಲೆರಡು ಸರಿ. ಆಮೇಲೆ ಅವಳು ಏನೋ ಕೇಳಿದಳು, ಉತ್ತರ ಕೊಟ್ಟೆ, ಬರೆದೆ, ಮತ್ತೊಮ್ಮೆ ಚೆಕ್ ಮಾಡಿದೆ, ಟಿಕ್ ಹಾಕಿದೆ.

ಧೃತಿ ನಗುವುದನ್ನು ನಿಲ್ಲಿಸಿದಳು. “ಮಾಮ್... ಇಟ್ಸ್ ಪಾಯಿಂಟ್ ಫೋರ್. ನಾಟ್ ಫೋರ್.”

ತಮಾಷೆ ಮಾಡಲಿಲ್ಲ. ಹಾಳೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಡಿಸೆಂಬರಿನ ಅದೇ ತಪ್ಪು. ತಪ್ಪು ಮಾಡಿದ್ದು ದೊಡ್ಡದಲ್ಲ, ಚೆಕ್ ಮಾಡಿದಾಗಲೂ ಕಾಣಲಿಲ್ಲವಲ್ಲ, ಅದು.

ಬಾಲು ಒಗ್ಗರಣೆ ಹಾಕುತ್ತಿದ್ದ. ಒಲೆ ಆರಿಸಿ ಕೇಳಿದೆ. “ಪದ್ಮನ ಮಗು ಆ ವಾರ್ಡಲ್ಲಿದ್ರೆ, ನಾನು ಚೆಕ್ ಮಾಡಿದ ಸಿರಿಂಜ್ ಹಾಕಿಸ್ತಿದ್ಯಾ?”

ಸೌಟು ಹಿಡಿದು ನಿಂತ.

“ಹೇಳು ಬಾಲು.”

“ನೀನು ಹೊವೆಲ್‌ಗೆ ಹೋಗಿದ್ದು ಗೊತ್ತಿತ್ತು ಕಣೆ. ಮನೇಲಿ ಫೋನಲ್ಲಿ ನಿನ್ನ ಲೊಕೇಶನ್ ನೋಡ್ತಾ ಕೂತಿದ್ದೆ. ಆ ಚುಕ್ಕಿ ಸುಮ್ನೆ ಹೋಗ್ತಾನೇ ಇತ್ತು.” ಸೌಟು ಕೆಳಗಿಟ್ಟ. “ಕೆಲಸಕ್ಕೆ ಹೋದ್ರೆ ನೀನು ಮೊದಲಿನ ಥರ ಆಗ್ತೀಯ ಅಂದ್ಕೊಂಡೆ. ಅದಕ್ಕೇ ಅವರಿಗೆ ಹಾಗೆ ಹೇಳ್ದೆ.”

ಅಳು ಬಂತು. ಇಬ್ಬರಿಗೂ. ಪದ್ಮನ ಮಗುವಿನ ಪ್ರಶ್ನೆಗೆ ಅವನು ಕೊನೆಗೂ ಉತ್ತರ ಕೊಡಲಿಲ್ಲ. ಬೇಕಾಗಲಿಲ್ಲ.

ಮಾರ್ಚ್ 24, ಸೋಮವಾರ. ಬೆಳಗ್ಗೆ, ಆಸ್ಪತ್ರೆಯ ಪಾರ್ಕಿಂಗ್

ಬಾಲು ಡ್ರೈವ್ ಮಾಡಿಕೊಂಡು ಬಂದ. ಪಕ್ಕದಲ್ಲಿ ಕೂತಿದ್ದಾನೆ, ಹೀಟರ್ ಹಾಕಿದ್ದಾನೆ, ಹೊರಗೆ ಹೆಪ್ಪುಗಟ್ಟುವ ಚಳಿ. ಬ್ಯಾಡ್ಜ್ ಕತ್ತಿನಲ್ಲಿದೆ. ಮೇಲೆ ಮೂರನೇ ಫ್ಲೋರಿನ ಕಿಟಕಿಗಳಲ್ಲಿ ದೀಪ. ಕೂಸುಗಳು ಅಲ್ಲೇ.

ಎಷ್ಟು ಆಸೆಪಟ್ಟಿದ್ದೆ ಈ ಬ್ಯಾಡ್ಜಿಗೆ. ಇವತ್ತು ಬಿಟ್ಟರೆ ಮತ್ತೆ ಕೊಡುತ್ತಾರೋ ಇಲ್ಲವೋ. ಹೋಗಬೇಡ ಅಂತ ಬಾಲು ಹೇಳುವುದಿಲ್ಲ, ಹೋಗು ಅಂತಲೂ ಹೇಳುವುದಿಲ್ಲ. ಇದು ನನ್ನದೇ ತೀರ್ಮಾನ.

ನೊವಾಕ್ ಆಫೀಸಿಗೆ ಫೋನ್ ಹಚ್ಚಿದ್ದೇನೆ. ಸ್ಪೀಕರಿನಲ್ಲಿ ಮ್ಯೂಸಿಕ್, ಕಾಯಿರಿ ಅಂತ. ಏನು ಹೇಳುವುದು ಅಂತ ಈ ಸಲ ಓದಿಕೊಂಡಿಲ್ಲ. ಕಾಫಿಯಿಂದ ಶುರು ಮಾಡುತ್ತೇನೆ. ಕಾಫಿ ಮಾಡುವುದು ನಾನಲ್ಲ ಡಾಕ್ಟರ್, ಬಾಲು. ನವೆಂಬರಿನಿಂದ ಅವನೇ. ಆಮೇಲೆ ಸೋಫಾ, ಕಿಟಕಿ, ಹೊವೆಲ್, ಆಮೇಲೆ —

ಮ್ಯೂಸಿಕ್ ನಿಂತಿತು. ಅವರದೇ ಧ್ವನಿ. ಬಾಲು ಕೈ ಹಿಡಿದುಕೊಂಡ, ಪೆನ್ನು ಇಡುತ್ತೇನೆ.